ಗೆಜ್ಜೆ ಬಿಚ್ಚಿದ ಮೇಲೆ

ರಾಕ್ ತಂಡವೊಂದು ಕೆಲವು ಕಾಲ ಕಛೇರಿ ನಿಲ್ಲಿಸುವುದಾಗಿ ಸಾರಿದೊಡನೆ ಅದರ ಅಭಿಮಾನಿಗಳಲ್ಲಿ ಮನೆ ಪಾಲಾಯಿತೆಂಬ ಗುಲ್ಲೇಳುತ್ತದೆ. ಗಾಯಕನು ತನ್ನೊಬ್ಬನ ಹೆಸರಿನಲ್ಲಿ ಹಾಡು ಹೊರತಂದನೋ, ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆಂದೇ ತೀರ್ಮಾನ. ಹಾಡು ಹೇಗಿದೆಯೆಂದು ಕೇಳುವವರು ಕಡಿಮೆ. ಜಗಳ ಯಾರಿಂದ ಹುಟ್ಟಿತೆಂದು ಕೇಳುವವರೇ ಹೆಚ್ಚು. ಬಿಡುವಿನ ಕಾಲದ ಇಂಥ ಕೃತಿಗಳನ್ನು ತೂಗುವ ತಕ್ಕಡಿಯೊಂದು ನಮ್ಮಲ್ಲಿ ಇಲ್ಲವೆ? ಇದೆಯೆಂದೇ ನನ್ನ ಭಾವನೆ. ಅದನ್ನು ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ, ಘಟ್ಟ ಇಳಿದರೆ ಸಾಕು.

ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ಮಳೆ ಕಳೆದ ಮೇಲೆ. ನಡುವಣ ತಿಂಗಳುಗಳಲ್ಲಿ ಕೆಲವು ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಕೆಲವರು ತಾಳಮದ್ದಳೆಗೆ ಕೂರುತ್ತಾರೆ. ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಅದಕ್ಕೆ ಅರ್ಥ, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೀಗೆ ಕುಳಿತಲ್ಲೇ ಬರಿಯ ಮಾತಿನಿಂದ ರಾವಣನನ್ನೋ ವಾಲಿಯನ್ನೋ ಎದುರಿಗೆ ನಿಲ್ಲಿಸುತ್ತಿದ್ದರು. ಮೇಳ ಒಡೆಯಿತೆಂದು ಆಗ ಯಾರೂ ಹುಯ್ಯಲಿಡಲಿಲ್ಲ. ವೇಷ ಕಳಚಿದಾಗ ತನ್ನಲ್ಲಿ ಉಳಿಯುವುದೇನೆಂದು ಕಲಾವಿದ ಅರಿಯುವ ಕಾಲ ಅದು. ಆ ಅರಿವು ಮುಂದಿನ ತಿರುಗಾಟಕ್ಕೆ ಬುತ್ತಿಯಾಗುತ್ತದೆ. ಆದ್ದರಿಂದ ಬಿಡುವಿನ ಕೃತಿಯನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಎರಡೇ: ಇವನು ಏನನ್ನು ಕಳಚಿಟ್ಟ? ಏನನ್ನು ಮರಳಿ ತಂದ?

ಈ ತಕ್ಕಡಿಗೆ ಮೊದಲು ಬೀಟಲ್ಸ್ ತಂಡವನ್ನೇ ಇಡೋಣ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಛೇರಿ ಮುಗಿಸಿದ ಈ ನಾಲ್ವರು ಊರೂರು ತಿರುಗುವುದನ್ನೇ ಬಿಟ್ಟರು. ಜಾನ್ ಲೆನನ್ ಚಲನಚಿತ್ರವೊಂದರಲ್ಲಿ ನಟಿಸಲು ಸ್ಪೇನಿಗೆ ಹೋದ. ಪಾಲ್ ಮೆಕಾರ್ಟ್ನಿ ‘ದಿ ಫ್ಯಾಮಿಲಿ ವೇ’ ಎಂಬ ಚಿತ್ರಕ್ಕೆ ಸಂಗೀತ ಕೂಡಿಸಿದ. ಜಾರ್ಜ್ ಹ್ಯಾರಿಸನ್ ಮುಂಬಯಿಗೆ ಬಂದು ರವಿಶಂಕರರಲ್ಲಿ ಸಿತಾರಿನ ಪಾಠಕ್ಕೆ ಕುಳಿತ. ಲೋಕವೇ ಕೊಂಡಾಡುತ್ತಿದ್ದ ಗಿಟಾರುಗಾರನೊಬ್ಬ ನೆಲದ ಮೇಲೆ ಕಾಲು ಮಡಿಸಿ ಕೂರುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಕಳಚುವುದೆಂದರೆ ಇದು. ಮರುವರ್ಷ ಹೊರಬಂದ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆಯಲ್ಲಿ ಹ್ಯಾರಿಸನ್ನನ ಒಂದು ಹಾಡಿದೆ. ಉಳಿದ ಮೂವರಲ್ಲಿ ಒಬ್ಬರೂ ಅದರಲ್ಲಿ ನುಡಿಸಿಲ್ಲ. ಆದರೂ ಅದು ತಂಡದ ಕೃತಿಯಲ್ಲಿಯೇ ಸ್ಥಾನ ಪಡೆಯಿತು. ಬಿಡುವು ಮೇಳಕ್ಕೆ ಮರಳಿದ ಬಗೆ ಇದು.

ಆದರೆ ತಂದದ್ದನ್ನು ಇಡಲು ಮನೆಯಲ್ಲಿ ಜಾಗವಿರಬೇಕಲ್ಲ! ಮುಂದಿನ ವರ್ಷಗಳಲ್ಲಿ ಹ್ಯಾರಿಸನ್ ಬರೆದ ಹಾಡುಗಳಿಗೆ ಆ ತಂಡದ ಮುದ್ರಿಕೆಗಳಲ್ಲಿ ಒಂದೆರಡು ಮೂಲೆಗಳಷ್ಟೇ ದೊರೆತವು. 1970ರಲ್ಲಿ ತಂಡ ಒಡೆಯಿತು. ಅದೇ ವರ್ಷದ ಕೊನೆಗೆ ಅವನು ಮೂರು ತಟ್ಟೆಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದ. ಕಣಜ ತುಂಬಿತ್ತು, ಅಳೆಯಲು ಬಿಟ್ಟವರಿರಲಿಲ್ಲ. ತಂಡಗಳು ಒಡೆಯುವುದಕ್ಕೆ ಕಾರಣಗಳು ಹಲವು. ಆದರೂ ಬಿಡುವಿನ ಕೆಲಸ ತಂಡವನ್ನು ಕೆಡಿಸಿತೆಂಬ ಮಾತಿಗಿಂತ, ಬಿಡುವಿನ ಫಲಕ್ಕೆ ಬಾಗಿಲು ಮುಚ್ಚಿದ್ದು ಕೆಡಿಸಿತೆಂಬ ಮಾತೇ ಸತ್ಯಕ್ಕೆ ಹತ್ತಿರವಾದುದು.

ಇನ್ನು ನಮ್ಮ ಬೆಂಗಳೂರು. ಇಲ್ಲಿಯ ತಂಡಗಳು ಬಿಡುವನ್ನು ಡಂಗುರ ಸಾರಿ ಹೇಳುವುದು ಅಪರೂಪ. ಎರಡು ಧ್ವನಿಮುದ್ರಿಕೆಗಳ ನಡುವಣ ವರ್ಷಗಳೇ ಬಿಡುವು. 2020ರಲ್ಲಂತೂ ಸಾಂಕ್ರಾಮಿಕವೇ ಎಲ್ಲರ ಗೆಜ್ಜೆಯನ್ನೂ ಬಿಚ್ಚಿಸಿತ್ತು. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದವರು ಪಕ್ಕದ ಕೆಲಸವಾಗಿ ‘ಟಾಕಾಡೆಮಿ’ ಎಂಬ ಪಾಠಶಾಲೆ ಕಟ್ಟಿದರು. ಪಾಠ ಹೇಳುವುದಕ್ಕೆ ಚಪ್ಪಾಳೆಯಿಲ್ಲ; ಆದರೆ ಬೆರಳು ತಾನಾಗಿ ಮಾಡುತ್ತಿದ್ದುದನ್ನು ಬಾಯಿಂದ ಬಿಡಿಸಿ ಹೇಳಬೇಕಾದಾಗ ವಾದಕನಿಗೆ ತನ್ನ ವಿದ್ಯೆಯ ಅಳತೆ ತಿಳಿಯುತ್ತದೆ. ಇದೂ ಒಂದು ತಾಳಮದ್ದಳೆಯೇ.

‘ಸ್ವರಾತ್ಮ’ದ ಮಾತು ಬೇರೆ. ಬಣ್ಣದ ಉಡುಪು, ಬೀದಿನಾಟಕದ ಆಟೋಪ, ಹಿಂದಿಗೆ ದೊಡ್ಡ ಪಾಲು, ಕನ್ನಡಕ್ಕೊಂದು ಮಣೆ: ಇದು ಆ ತಂಡದ ವೇಷ. ಅದರ 2012ರ ಧ್ವನಿಮುದ್ರಿಕೆಗೂ 2018ರದಕ್ಕೂ ನಡುವೆ ಆರು ವರ್ಷಗಳ ಅಂತರವಿದೆ. ತಂಡದ ಗಾಯಕ ವಾಸು ದೀಕ್ಷಿತರು ತಮ್ಮ ಹೆಸರಿನಲ್ಲೇ ಇನ್ನೊಂದು ಕೂಟ ಕಟ್ಟಿಕೊಂಡು ನಮ್ಮ ಜನಪದ ಹಾಡುಗಳನ್ನೂ ಸಂತರ ಪದಗಳನ್ನೂ ಹಾಡುತ್ತ ಬಂದಿದ್ದಾರೆ. ಇಲ್ಲಿ ಅವರ ಕಂಠಕ್ಕೆ ಅವಸರ ಕಡಿಮೆ. ಶಬ್ದದ ಅಂಚು ಕಿವಿಗೆ ತಾಗುತ್ತದೆ. ಎಲ್ಲವೂ ಸರಿಯೆನ್ನಲಾರೆ. ತತ್ತ್ವಪದವೆಂಬುದು ತಡೆತಡೆದು ಅರ್ಥ ಬಿಟ್ಟುಕೊಡುವ ಜಾತಿಯದು. ಅದನ್ನು ತಲೆದೂಗಿಸುವ ಲಯಕ್ಕೆ ಬೇಗನೆ ಒಗ್ಗಿಸಿದಾಗ ಒಗಟು ಬಿಚ್ಚುವ ಮೊದಲೇ ಸಭೆ ಕುಣಿಯತೊಡಗುತ್ತದೆ. ಆದರೂ ಮೊದಲನೆಯ ಪ್ರಶ್ನೆಯಲ್ಲಿ ಅವರು ಉತ್ತೀರ್ಣರು: ವೇಷ ಕಳಚಿದಾಗ ಉಳಿದದ್ದು ಕನ್ನಡ.

ನನ್ನನ್ನು ಕಾಡುವುದು ಇಲ್ಲಿಯೇ. ನಾನಿರುವ ಹೊಸಕೆರೆಹಳ್ಳಿಯಲ್ಲಿ, ವರ್ತುಲ ರಸ್ತೆಯ ಕಾಲೇಜಿನ ದಯೆಯಿಂದ, ಗಿಟಾರು ಹೆಗಲೇರಿಸಿದ ಹುಡುಗರಿಗೆ ಬರವಿಲ್ಲ. ಸಂಜೆ ತಾರಸಿಗಳ ಮೇಲೆ ತಂಡದ ಅಭ್ಯಾಸ ನಡೆಯುವಾಗ ಕೇಳಿಬರುವುದು ಹೆಚ್ಚಾಗಿ ಇಂಗ್ಲಿಷು. ಪರೀಕ್ಷೆ ಬಂದು ತಂಡ ಚದುರಿದಾಗ ಅವರಲ್ಲೇ ಒಬ್ಬ ಒಂಟಿಯಾಗಿ ಕುಳಿತು ತಂತಿ ಮೀಟುತ್ತ ಹಾಡಿಕೊಳ್ಳುವುದು ಕನ್ನಡ. ತಂಡಕ್ಕೆ ಒಂದು ನುಡಿ, ಬಿಡುವಿಗೆ ಒಂದು ನುಡಿ! ಕನ್ನಡ ಬಿಡುವಿನ ಭಾಷೆಯಾಯಿತೆಂದು ಮುನಿಯಬೇಕೆ? ಮಳೆಗಾಲದ ತಾಳಮದ್ದಳೆಯೇ ದೊಡ್ಡ ಕಲೆಯಾಗಿ ಬೆಳೆದುದನ್ನು ನೆನೆದರೆ ಮುನಿಸು ಇಳಿಯುತ್ತದೆ. ಮನುಷ್ಯ ಯಾರ ಹಂಗೂ ಇಲ್ಲದಾಗ ಆಡುವ ಮಾತೇ ಅವನ ಸ್ವಂತದ್ದು. ಆದರೆ ಅದು ಅಲ್ಲೇ ಉಳಿದರೆ ನಷ್ಟ. ಒಂಟಿ ಹಾಡು ಮರಳಿ ಮೇಳಕ್ಕೆ ಬಂದು, ಡ್ರಮ್ಮಿನವನ ಕೈಯಲ್ಲೂ ಪಿಟೀಲಿನವನ ಬಿಲ್ಲಿನಲ್ಲೂ ಹಾದು, ನಾಲ್ವರ ಸ್ವತ್ತಾಗಬೇಕು.

ತಂಡಗಳನ್ನು ಕಂಡಾಗ ‘ಮತ್ತೆ ಯಾವಾಗ ಒಂದಾಗುತ್ತೀರಿ?’ ಎಂದು ಪೀಡಿಸುವುದನ್ನು ಕೇಳುಗರಾದ ನಾವು ಬಿಡೋಣ. ‘ಬರುವಾಗ ಏನು ತಂದಿರಿ?’ ಎಂದು ಕೇಳೋಣ. ತಂದದ್ದಕ್ಕೆ ಜಾಗವಿಡುವುದು ತಂಡದ ಧರ್ಮ. ಹಳೆಯ ಹಾಡನ್ನೇ ಹಾಡೆಂದು ಕೂಗಿ ಆ ಜಾಗವನ್ನು ಕಸಿಯದಿರುವುದು ನಮ್ಮದು.