ಭಾವನ ಪಟ್ಟಿ ಮತ್ತು ಅಗ್ಗದ ನೆಟ್‌ವರ್ಕು

ಮೊನ್ನೆ ಭಾವ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ್ದರು. ಬಿಟ್‌ಕಾಯಿನ್, ಇಥೀರಿಯಂ, ಕಾರ್ಡಾನೊ, ಸೊಲಾನ ಅಂತ ನಾಲ್ಕು ಸಾಲು. ಪ್ರತಿಯೊಂದರ ಮುಂದೆ ವಹಿವಾಟಿನ ಶುಲ್ಕ ಎಷ್ಟು, ಸ್ಮಾರ್ಟ್ ಕಾಂಟ್ರಾಕ್ಟ್ ಇದೆಯೋ ಇಲ್ಲವೋ. ಕೊನೆಯ ಸಾಲಿಗೆ ಹಸಿರು ಟಿಕ್ ಗುರುತು. ಹಿಂದೆಯೇ ಫೋನು: "ನೋಡೋ, ಅಡಿಕೆ ದುಡ್ಡಲ್ಲಿ ಒಂದು ಲಕ್ಷ ತೆಗೆದಿಟ್ಟಿದೀನಿ. ಎಲ್ಲಕ್ಕಿಂತ ಅಗ್ಗದ್ದು ಇದೇ ಅಲ್ವಾ? ಇದಕ್ಕೇ ಹಾಕ್ತೀನಿ."

ಎರಡು ದಿನ ಟೈಮ್ ಕೊಡಿ ಭಾವ ಅಂದೆ. ಈ ಬರಹ ಅವರಿಗೆ ಕೊಟ್ಟ ಉತ್ತರವೇ. ಇಂಥ ಪಟ್ಟಿಗಳು ಈಗ ಎಲ್ಲೆಲ್ಲೂ ಓಡಾಡುತ್ತಿವೆ. ಅವುಗಳಲ್ಲಿರುವ ಅಂಕಿಗಳು ಸುಳ್ಳೇನಲ್ಲ. ಆದರೆ ಹೋಲಿಸಬಾರದ್ದನ್ನು ಪಕ್ಕಪಕ್ಕ ಕೂರಿಸುತ್ತವೆ, ಅದೇ ನನ್ನ ತಕರಾರು.

ಮೊದಲು, ಶುಲ್ಕ ಯಾವುದರ ಮೇಲೆ ಅಂತ ನೋಡಿ. ಬಿಟ್‌ಕಾಯಿನ್‌ನಲ್ಲಿ ಕಳಿಸುವ ಮೊತ್ತಕ್ಕೂ ಶುಲ್ಕಕ್ಕೂ ಸಂಬಂಧವೇ ಇಲ್ಲ. ಪಾರ್ಸೆಲ್ ತೂಕ ಹಾಕಿದ ಹಾಗೆ, ವಹಿವಾಟಿನ ದತ್ತಾಂಶ ಎಷ್ಟು ಬೈಟ್ ಇದೆಯೋ ಅದಕ್ಕೆ ದುಡ್ಡು. ಹತ್ತು ಕಡೆಯಿಂದ ಬಂದ ಚಿಲ್ಲರೆ ಒಟ್ಟುಮಾಡಿ ಕಳಿಸಿದರೆ ತೂಕ ಜಾಸ್ತಿ, ಒಂದೇ ಗಂಟಿನಲ್ಲಿ ಕೋಟಿ ಕಳಿಸಿದರೂ ಕಡಿಮೆ. ಇಥೀರಿಯಂನದು ಆಟೋ ಮೀಟರ್. ಕಂಪ್ಯೂಟರ್ ಮಾಡುವ ಪ್ರತಿ ಕೆಲಸಕ್ಕೂ ಇಷ್ಟು 'ಗ್ಯಾಸ್' ಅಂತ ನಿಗದಿ. ಬರೀ ಹಣ ಕಳಿಸೋದಕ್ಕೆ 21,000 ಗ್ಯಾಸ್. ಸ್ಮಾರ್ಟ್ ಕಾಂಟ್ರಾಕ್ಟನ್ನು ಮುಟ್ಟಿದರೆ ಇದರ ಎಷ್ಟೋ ಪಟ್ಟು ಆಗಬಹುದು. ಒಂದು ಗ್ಯಾಸಿನ ಬೆಲೆ ಮಾತ್ರ ಆ ಹೊತ್ತಿನ ನೂಕುನುಗ್ಗಲಿನ ಮೇಲೆ ಏರಿಳಿಯುತ್ತದೆ. ಹಾಗಿರುವಾಗ ಪಟ್ಟಿಯಲ್ಲಿ 'ಇಥೀರಿಯಂ ಶುಲ್ಕ ಇಷ್ಟು' ಅಂತ ಒಂದೇ ಅಂಕಿ ಬರೆಯೋದು ಹೇಗೆ? ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ?

ಕಾರ್ಡಾನೊ ಇದಕ್ಕೆ ತದ್ವಿರುದ್ಧ. ಅಲ್ಲಿ ಸೂತ್ರ ಗಟ್ಟಿ: 0.155381 ಅಡಾ ಬುನಾದಿ, ಮೇಲೆ ಬೈಟಿಗೆ ಇಷ್ಟು. ಮಾಮೂಲಿ ವಹಿವಾಟಿಗೆ ಸುಮಾರು 0.17 ಅಡಾ ಅಂತ ಕಳಿಸುವ ಮೊದಲೇ ಗೊತ್ತಿರುತ್ತದೆ. ಸೊಲಾನದಲ್ಲಿ ಒಂದು ಸಹಿಗೆ 0.000005 ಸೋಲ್. ಅವಸರ ಇದ್ದವರು ಮೇಲೆ ಸ್ವಲ್ಪ ಹಾಕಬೇಕು, ಆದರೂ ಅದು ಪೈಸೆಗಳ ಲೆಕ್ಕ. ಹಸಿರು ಟಿಕ್ ಬಂದದ್ದು ಇದಕ್ಕೇ.

ಎರಡನೆಯದು, ಕೆಲಸ ಕೆಟ್ಟರೆ ದುಡ್ಡು ಯಾರದು? ಆಟೋ ಮಾಡಿಕೊಂಡು ನೆಂಟರ ಮನೆಗೆ ಹೋದೆವು, ಬಾಗಿಲಿಗೆ ಬೀಗ. ಮೀಟರ್ ದುಡ್ಡು ಕೊಡಲೇಬೇಕಲ್ಲ? ಇಥೀರಿಯಂನಲ್ಲಿ ವಹಿವಾಟು ವಿಫಲವಾದರೂ ಅಲ್ಲಿಯವರೆಗೆ ಸುಟ್ಟ ಗ್ಯಾಸ್ ವಾಪಸ್ ಬರೋದಿಲ್ಲ. 2022ರ ಏಪ್ರಿಲ್ 30ರಂದು 'ಅದರ್‌ಸೈಡ್' ಎಂಬ ಡಿಜಿಟಲ್ ನಿವೇಶನಗಳ ಮಾರಾಟದಲ್ಲಿ ಇದು ಢಾಳಾಗಿ ಕಂಡಿತು. ಜನ ಮುಗಿಬಿದ್ದು ಗ್ಯಾಸಿಗೇ ಸಾವಿರಾರು ಡಾಲರ್ ಸುರಿದರು. ಎಷ್ಟೋ ಜನರಿಗೆ ನಿವೇಶನ ಸಿಗಲಿಲ್ಲ, ಶುಲ್ಕ ಮಾತ್ರ ಹೋಯಿತು. ಮಾರಿದ ಯುಗಾ ಲ್ಯಾಬ್ಸ್ ಆಮೇಲೆ ಅಂಥವರ ಗ್ಯಾಸ್ ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಮೂರನೆಯದು, ಅಗ್ಗವಾದದ್ದು ಯಾಕೆ ಅಗ್ಗ? ಇಥೀರಿಯಂ ಮಾಮೂಲಿ ಕಂಪ್ಯೂಟರಿನಲ್ಲೂ ಜನ ಲೆಕ್ಕ ಪರಿಶೀಲಿಸಲಿ ಅಂತ ತನ್ನ ವೇಗವನ್ನು ಬೇಕೆಂದೇ ಹಿಡಿದಿಟ್ಟುಕೊಂಡಿದೆ. ಸೊಲಾನ ಭಾರಿ ಯಂತ್ರಗಳನ್ನು ಬೇಡುತ್ತದೆ, ಅದಕ್ಕೇ ವೇಗ, ಅದಕ್ಕೇ ಅಗ್ಗ. ಆದರೆ 2021ರ ಸೆಪ್ಟೆಂಬರಿನಲ್ಲಿ ಇಡೀ ಜಾಲ ಸುಮಾರು 17 ಗಂಟೆ ನಿಂತುಹೋಯಿತು. 2024ರ ಫೆಬ್ರವರಿಯಲ್ಲಿ ಮತ್ತೆ ಸುಮಾರು 5 ಗಂಟೆ. ಶುಲ್ಕ ಕಮ್ಮಿ ಅಂತ ಖರ್ಚು ಮಾಯವಾಗಿರೋದಿಲ್ಲ, ಬೇರೆ ಕಡೆಗೆ ಸರಿದಿರುತ್ತದೆ ಅಷ್ಟೆ.

ಇನ್ನು 'ಸ್ಮಾರ್ಟ್ ಕಾಂಟ್ರಾಕ್ಟ್: ಇದೆ' ಅನ್ನುವ ಕಾಲಂ. ಕರಾರು ಅಂದಮೇಲೆ ಅದನ್ನು ಆಮೇಲೆ ಯಾರು ತಿದ್ದಬಹುದು ಅನ್ನೋದೇ ಮುಖ್ಯ ಪ್ರಶ್ನೆ. ಸೊಲಾನದಲ್ಲಿ, ಬರೆದವರು ಬಿಟ್ಟುಕೊಡದಿದ್ದರೆ, ತಿದ್ದುವ ಅಧಿಕಾರ ಅವರ ಕೈಯಲ್ಲೇ ಇರುತ್ತದೆ. ಇಥೀರಿಯಂನಲ್ಲಿ ಒಮ್ಮೆ ಏರಿಸಿದ ಕೋಡನ್ನು ತಿದ್ದುವ ಹಾಗಿಲ್ಲ, ಆದರೂ ಬಾಗಿಲಲ್ಲೊಂದು ಮಧ್ಯವರ್ತಿ ಕೋಡನ್ನಿಟ್ಟು ಹಿಂದಿನದನ್ನು ಬದಲಾಯಿಸುವ ದಾರಿ ಇದೆ. ತಿದ್ದಲಾಗದ್ದೇ ಒಳ್ಳೆಯದು ಅನ್ನೋಣವೇ? 2017ರ ನವೆಂಬರಿನಲ್ಲಿ ಪ್ಯಾರಿಟಿ ವಾಲೆಟ್‌ಗಳ ಮೂಲ ಕೋಡನ್ನು ಯಾರೋ ಅಳಿಸಿಹಾಕಿ, 5 ಲಕ್ಷಕ್ಕೂ ಹೆಚ್ಚು ಈಥರ್ ಬೀಗ ಬಿದ್ದಂತೆ ಅಲ್ಲೇ ಉಳಿಯಿತು. ಅದಕ್ಕೂ ಮುಂಚೆ, 2016ರಲ್ಲಿ, 'ದಿ ಡಿಎಓ' ಕರಾರಿನ ಲೋಪ ಹಿಡಿದು ಒಬ್ಬ ಸುಮಾರು 36 ಲಕ್ಷ ಈಥರ್ ಎಳೆದುಕೊಂಡಾಗ, ಬಹುಪಾಲು ಜನ ಸೇರಿ ಲೆಕ್ಕವನ್ನೇ ತಿದ್ದಿದರು. ಒಪ್ಪದವರು ಇಥೀರಿಯಂ ಕ್ಲಾಸಿಕ್ ಅಂತ ಹಳೆಯ ಹಾದಿಯಲ್ಲೇ ಉಳಿದರು. 'ಕೋಡೇ ಕಾನೂನು' ಅನ್ನುವ ಮಾತು ಅವತ್ತೇ ಅರ್ಧ ಸತ್ಯವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದ್ರೆ ಯಾವುದು ತಗೊಳ್ಳಲೋ?" ಅಂದರು.

ನಾನು ಕೇಳಿದೆ: ಭಾವ, ನೀವು ಎಕ್ಸ್‌ಚೇಂಜ್ ಆಪ್‌ನಲ್ಲಿ ಕೊಂಡು ಅಲ್ಲೇ ಇಡೋದು ತಾನೆ? ಹೌದು ಅಂದರು. ಹಾಗಾದರೆ ನೀವು ಈ ಯಾವ ನೆಟ್‌ವರ್ಕಿಗೂ ನಯಾಪೈಸೆ ಶುಲ್ಕ ಕಟ್ಟೋದಿಲ್ಲ. ಅದು ಆಪ್‌ನವರ ಖಾತೆ ಪುಸ್ತಕದಲ್ಲಿ ನಡೆಯುವ ವ್ಯಾಪಾರ, ಅವರ ಕಮಿಷನ್ ಬೇರೆ. 2022ರಿಂದ ಇರುವ ನಿಯಮದಂತೆ ಮಾರಿದಾಗ ಶೇ. 1 ಟಿಡಿಎಸ್, ಒಂದು ಲಕ್ಷಕ್ಕೆ ಒಂದು ಸಾವಿರ. ರಿಟರ್ನ್ಸ್‌ನಲ್ಲಿ ಹೊಂದಾಣಿಕೆ ಆಗುತ್ತೆ ಬಿಡಿ. ಆದರೆ ಲಾಭ ಬಂದರೆ ಶೇ. 30 ತೆರಿಗೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಇದೆಲ್ಲದರ ಮುಂದೆ ಪೈಸೆ ಲೆಕ್ಕದ ಹಸಿರು ಟಿಕ್ ಎಲ್ಲಿ ನಿಲ್ಲುತ್ತದೆ?

"ಮತ್ತೆ ಈ ಪಟ್ಟಿ ಯಾರಿಗೋ?"

ಆ ನೆಟ್‌ವರ್ಕಿನ ಮೇಲೆ ದಿನಾ ಕೆಲಸ ಮಾಡೋರಿಗೆ, ಕೋಡ್ ಬರೆಯೋರಿಗೆ ಅಂದೆ. ಅವರಿಗೂ ಮೇಲಿನ ಮೂರು ಪ್ರಶ್ನೆ ಸೇರಿಸದೆ ಹೋದರೆ ಅರ್ಧಂಬರ್ಧವೇ.

ಒಂದು ಲಕ್ಷ ಸದ್ಯಕ್ಕೆ ಸೊಸೈಟಿಯ ಖಾತೆಯಲ್ಲೇ ಇದೆಯಂತೆ. ಅಕ್ಕ ಹೇಳಿದಳು.