ಚೆನ್ನಮ್ಮನ ನಂತರದ ಹೆಣ್ಣುಮಕ್ಕಳು

ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ (1961) ಬಿ. ಸರೋಜಾದೇವಿಯವರ ಅಭಿನಯ ನನಗೂ ಮೆಚ್ಚಿಗೆಯೇ. ಆದರೆ ಖಡ್ಗದ ಝಳಪಿನಲ್ಲಿ ಜಗಳದ ಮೂಲ ಮಂಕಾಗುತ್ತದೆ ಎಂಬುದು ನನ್ನ ತಕರಾರು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದು ದತ್ತಕವನ್ನು. ಮನೆತನದ ವಾರಸುದಾರ ಯಾರೆಂಬುದನ್ನು ಸರ್ಕಾರವೇ ಹೇಳತೊಡಗಿತು.

ಆ ಅಧಿಕಾರ ಅರಮನೆಗೇ ನಿಲ್ಲಲಿಲ್ಲ; ನಮ್ಮ ಹಳ್ಳಿಗಳ ಪಾಟೀಲ, ಕುಲಕರ್ಣಿ ಮನೆಗಳಿಗೂ ಬಂತು. ಆ ಹುದ್ದೆಗಳಿಗೆ ಅಂಟಿದ ವತನ ಜಮೀನಿನ ವಾರಸಿನಲ್ಲಿ, ಕೊನೆಯ ವತನದಾರನ ವಿಧವೆಯೊಬ್ಬಳ ಹೊರತು, ಹೆಣ್ಣುಮಕ್ಕಳನ್ನು ಮನೆತನದ ಅರ್ಹ ಗಂಡಸರೆಲ್ಲರ ಹಿಂದೆ ನಿಲ್ಲಿಸಿದ್ದು 1886ರ ಮುಂಬಯಿ ಕಾಯ್ದೆ. ಹೆತ್ತ ಮಗಳಿಗಿಂತ ದೂರದ ದಾಯಾದಿ ಮೊದಲು!

ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಾದದ್ದೂ ಚಿತ್ರ ಬಂದ 1961ರಲ್ಲೇ. ವಾರಸಿನ ಎಳೆಯನ್ನು ಚಿತ್ರ ಗಟ್ಟಿಯಾಗಿ ಹಿಡಿದಿದ್ದರೆ, ಚೆನ್ನಮ್ಮ ಕುದುರೆಯಿಂದಿಳಿದು ನಮ್ಮ ಮನೆಗಳ ಪಡಸಾಲೆಗೂ ಬರುತ್ತಿದ್ದಳು.