ಪದದೀರ್ಘತೆಯೋ ಪದಸೀಮೆಯೋ: ಅಂಕಿಸ್ಮೃತಿಯ ವಿವರಣೆಗೊಂದು ಆಕ್ಷೇಪ

ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳಿಸುವ ಪರೀಕ್ಷೆಯು ಭಾಷಾನಿರಪೇಕ್ಷವೆಂಬ ನಂಬಿಕೆಯನ್ನು ಎಲಿಸ್ ಮತ್ತು ಹೆನೆಲಿ 1980ರಲ್ಲಿಯೇ ಅಲುಗಾಡಿಸಿದರು. ವೆಲ್ಶ್-ಇಂಗ್ಲಿಷ್ ದ್ವಿಭಾಷಿಕರು ಇಂಗ್ಲಿಷಿನಲ್ಲಿ ಹೆಚ್ಚು ಅಂಕಿಗಳನ್ನು ನೆನಪಿಟ್ಟುಕೊಂಡರು. ವೆಲ್ಶ್ ಅಂಕಿಪದಗಳ ಉಚ್ಚಾರಣೆಗೆ ಹೆಚ್ಚು ಕಾಲ ಬೇಕಾಗುವುದೇ ಕಾರಣವೆಂಬುದು ಅವರ ನಿಲುವು. ಸುಮಾರು 2 ಸೆಕೆಂಡುಗಳಲ್ಲಿ ಉಚ್ಚರಿಸಬಹುದಾದಷ್ಟು ಪದಗಳು ಮಾತ್ರ ಅಲ್ಪಾವಧಿ ಸ್ಮೃತಿಯಲ್ಲಿ ನಿಲ್ಲುತ್ತವೆ ಎಂದು ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ಮಂಡಿಸಿದ ವಾದವೇ ಇದರ ತಳಹದಿ.

ಈ ವಾದವನ್ನು ಕನ್ನಡಕ್ಕೆ ಅನ್ವಯಿಸುವುದು ಮೇಲ್ನೋಟಕ್ಕೆ ಸುಲಭ. 1ರಿಂದ 9ರವರೆಗಿನ ಇಂಗ್ಲಿಷ್ ಅಂಕಿಪದಗಳಲ್ಲಿ ಒಟ್ಟು 10 ಅಕ್ಷರಗಳಿದ್ದರೆ ಕನ್ನಡದವುಗಳಲ್ಲಿ 20 ಇವೆ (ಅಕ್ಷರವೆಂದರೆ ಇಲ್ಲಿ ಉಚ್ಚಾರಣೆಯ ಘಟಕ, ಲಿಪಿಯದಲ್ಲ). ಕನ್ನಡದಲ್ಲಿ ಅಂಕಿಸ್ಮೃತಿ ಕುಗ್ಗಲೇಬೇಕೆಂದು ಇಲ್ಲಿಗೇ ಮುಗಿಸಬಹುದು. ನಮ್ಮ ಆಕ್ಷೇಪವಿರುವುದು ಈ ಎಣಿಕೆಯ ಬಗೆಗೇ.

ಮನಸ್ಸಿನಲ್ಲಿ ಪುನರುಚ್ಚಾರಗೊಳ್ಳುವುದು ಬಿಡಿಪದವಲ್ಲ, ಸರಣಿ. ಕನ್ನಡದ ಈ ಒಂಬತ್ತೂ ಪದಗಳು ಉಕಾರಾಂತಗಳು; ಮೂರು, ನಾಲ್ಕು ಇವೆರಡನ್ನುಳಿದು ಮಿಕ್ಕವೆಲ್ಲ ಸ್ವರಾದಿಗಳು. ಹಾಗಾಗಿ ಲೋಪಸಂಧಿಗೆ ಇಷ್ಟು ಅನುಕೂಲವಾದ ಪದಸಮೂಹ ಅಪರೂಪ. 'ಐದಾರು', 'ಏಳೆಂಟು'ಗಳು ಅಂದಾಜನ್ನು ಸೂಚಿಸುವ ರೂಢ ಜೋಡಿಗಳೆಂಬುದು ನಿಜ. ಆದರೆ ವೇಗವಾಗಿ ಎಣಿಸುವ ಬಾಯಿ ಈ ಲೋಪವನ್ನು ಅವುಗಳಿಗಷ್ಟೇ ಮೀಸಲಿಡುವುದಿಲ್ಲ. 'ಎರಡು' ಆಡುಮಾತಿನಲ್ಲಿ 'ಎರ್ಡು' ಆಗುವುದನ್ನು ಸೇರಿಸಿದರೆ 20 ಎಂಬುದು ಪುಸ್ತಕದ ಲೆಕ್ಕವಷ್ಟೇ.

ಪದಸೀಮೆಯ ಮಹತ್ವಕ್ಕೆ ಪುರಾವೆ ವೆಲ್ಶ್‌ನಿಂದಲೇ ದೊರೆತಿದೆ. ಮರ್ರಿ ಮತ್ತು ಜೋನ್ಸ್ 2002ರಲ್ಲಿ ತೋರಿಸಿದಂತೆ, ಬಿಡಿಬಿಡಿಯಾಗಿ ಅಳೆದಾಗ ವೆಲ್ಶ್ ಅಂಕಿಪದಗಳು ಇಂಗ್ಲಿಷಿನವುಗಳಿಗಿಂತ ದೀರ್ಘವಲ್ಲ. ತೊಡಕಿರುವುದು ಒಂದು ಪದದಿಂದ ಇನ್ನೊಂದಕ್ಕೆ ನಾಲಿಗೆ ದಾಟುವಲ್ಲಿ. ಅಸಂಬದ್ಧ ಪದವೊಂದನ್ನು ಉಚ್ಚರಿಸುತ್ತಿರುವಂತೆ ಮಾಡಿದಾಗ ಭಾಷೆಗಳ ನಡುವಿನ ಅಂತರ ಅಳಿಯಿತೆಂಬ ಎಲಿಸ್-ಹೆನೆಲಿಯವರ ಫಲಿತಾಂಶವನ್ನು ನಾವು ಅಲ್ಲಗಳೆಯುತ್ತಿಲ್ಲ. ಅದು ಪುನರುಚ್ಚಾರದ ಪಾತ್ರವನ್ನು ಸ್ಥಾಪಿಸುತ್ತದೆ, ಪದದೀರ್ಘತೆಯದನ್ನಲ್ಲ.

ಇದು ಬರಿಯ ಸೈದ್ಧಾಂತಿಕ ತಕರಾರಲ್ಲ. ಮಕ್ಕಳ ಬುದ್ಧಿಮಾಪನಕ್ಕೆ ಬಳಸುವ ವೆಕ್ಸ್ಲರ್ ಪರೀಕ್ಷೆಯಲ್ಲಿ ಅಂಕಿಸ್ಮೃತಿಯೂ ಒಂದು ಅಂಗ. ಇಂಗ್ಲಿಷ್ ಮಾನದಂಡದಿಂದ ಅಳೆದರೆ ಕನ್ನಡ ಮಗುವಿಗೆ ಮಂದಸ್ಮೃತಿಯ ಹಣೆಪಟ್ಟಿ ಅಂಟಬಹುದು. ಅಕ್ಷರಗಳನ್ನೆಣಿಸಿ ರಿಯಾಯಿತಿ ಕೊಟ್ಟರೆ ನಿಜವಾದ ತೊಂದರೆಯೇ ಮರೆಯಾಗಬಹುದು. ಎರಡನೆಯ ತಪ್ಪು ಉದಾರವಾಗಿ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಅಳೆಯಬೇಕಾದುದು ಅದೇ ಮಗು ಅದೇ ಸರಣಿಯನ್ನು ಎಡೆಬಿಡದೆ ಹೇಳುವ ವೇಗವನ್ನು. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಯಿದೆ: ಮೊಬೈಲ್ ಸಂಖ್ಯೆಯನ್ನು ಇಂಗ್ಲಿಷಿನಲ್ಲೇ ಹೇಳಿ ರೂಢಿಯಾದ ಮಗು, ಕನ್ನಡದಲ್ಲಿ ಕೇಳಿದ ಅಂಕಿಗಳನ್ನು ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಪುನರುಚ್ಚರಿಸುತ್ತದೆ?